ನಮ್ಮೂರಿನವನೆಂದು ಕೊಟ್ಟ ಅಡ್ವಾನ್ಸ್

ಅಮ್ಮ ಹೋದ ಮೇಲೆ ಅಪ್ಪನನ್ನು ಧಾರವಾಡದಿಂದ ಪುಣೆಗೆ ಕರೆತಂದೆ. ಆರನೇ ಮಹಡಿಯ ಫ್ಲ್ಯಾಟಿನಲ್ಲಿ ಅವರಿಗೆ ಎಲ್ಲವೂ ಇತ್ತು, ಕಟ್ಟೆಯೊಂದನ್ನು ಬಿಟ್ಟು. "ಒಳಗ ಕೂತು ಗ್ವಾಡಿ ನೋಡೂದೇನೈತಿ" ಎಂದು ದಿನಕ್ಕೊಮ್ಮೆ ಅನ್ನುತ್ತಿದ್ದರು. ಹಾಲ್‌ಗೆ ಹೊಂದಿಕೊಂಡು 220 ಚದರ ಅಡಿಯ ಟೆರೇಸ್ ಇದೆ. ಆದರೆ ಮಾರ್ಚ್ ಬಂತೆಂದರೆ ಅದರ ಟೈಲ್ಸ್ ಮೇಲೆ ಕಾಲಿಡಲಾಗದು. ಅದಕ್ಕೊಂದು ಡೆಕ್ ಹಾಕಿಸೋಣ, ಅಂದರೆ ಮರದಂಥ ಹಲಗೆಯ ನೆಲ ಮಾಡಿಸೋಣ ಎಂದುಕೊಂಡೆ.

ಆ ಹೊತ್ತಿಗೇ ಇಲ್ಲಿನ ಕನ್ನಡಿಗರ ಕಾರ್ಯಕ್ರಮವೊಂದರಲ್ಲಿ ಒಬ್ಬ ಕಾಂಟ್ರಾಕ್ಟರ್ ಸಿಕ್ಕಿದ. ಹುಬ್ಬಳ್ಳಿ ಕಡೆಯವನು. ಮಾತು ಎಂದರೆ ಮಾತು. ನಮ್ಮ ಓಣಿ, ನಮ್ಮ ಶಾಲೆ, ಮಿಶ್ರಾ ಪೇಢಾ ಎಲ್ಲ ಬಂದುಹೋಯಿತು. ನೀವೂ ಹೊರಗಿದ್ದೀರಲ್ಲ, ನಿಮಗೆ ಗೊತ್ತು: ದಿನವಿಡೀ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ವ್ಯವಹರಿಸಿ ದಣಿದ ಕಿವಿಗೆ "ಏನ್ರೀ ಸರ, ಆರಾಮೇನ್ರಿ" ಎಂಬುದು ಬಿದ್ದರೆ ಬುದ್ಧಿ ಅರ್ಧ ರಜೆ ಹಾಕುತ್ತದೆ. 1.4 ಲಕ್ಷಕ್ಕೆ ಮಾತಾಯಿತು. 60 ಸಾವಿರ ಅಡ್ವಾನ್ಸ್ ಕೊಟ್ಟೆ. ಕಾಗದವಿಲ್ಲ, ಬಿಲ್ಲಿಲ್ಲ, ಯಾವ ಹಲಗೆ ಎಷ್ಟು ದಪ್ಪ ಎಂಬುದೂ ಇಲ್ಲ. ಆಫೀಸಿನಲ್ಲಿ ಎರಡು ಸಾಲಿನ ಕೋಡ್‌ಗೂ ರಿವ್ಯೂ ಕೇಳುವವನು ನಾನು!

ಏಪ್ರಿಲ್‌ನಲ್ಲಿ ಅವನ ಹುಡುಗರು ಬಂದರು. ಕಬ್ಬಿಣದ ಫ್ರೇಮ್ ನಿಲ್ಲಿಸಲು ಡ್ರಿಲ್ ಮಾಡಿ ನೆಲಕ್ಕೆ ಮೂವತ್ತಕ್ಕೂ ಹೆಚ್ಚು ತೂತು ಕೊರೆದರು. ಎರಡು ದಿನ ಕೆಲಸ, ನಾಲ್ಕು ದಿನ ರಜೆ. ಅಕ್ಷಯ ತೃತೀಯ, ಮದುವೆ, ಅವನ ಅತ್ತೆಯ ಅನಾರೋಗ್ಯ. ಮೇ ತಿಂಗಳ ಕೊನೆಗೆ ಫೋನ್ ಎತ್ತುವುದನ್ನೇ ನಿಲ್ಲಿಸಿದ.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಮೂರನೇ ದಿನ ಬೆಳಗ್ಗೆ ಕೆಳಗಿನ ಮನೆಯ ಕಾಕೂ ಬಾಗಿಲು ಬಡಿದರು. ಎಪ್ಪತ್ತು ದಾಟಿದವರು, ಗಂಡ ಹಾಸಿಗೆ ಹಿಡಿದಿದ್ದಾರೆ. ಬಯ್ಯಲಿಲ್ಲ. ಮೊಬೈಲಿನಲ್ಲಿ ಫೋಟೊ ತೋರಿಸಿದರು. ಗಂಡನ ಮಂಚದ ನೇರ ಮೇಲೆ, ಸೀಲಿಂಗ್‌ನಲ್ಲಿ ತಟ್ಟೆಯಗಲದ ಒದ್ದೆ ಕಲೆ. ರಾತ್ರಿ ಮಂಚ ಸರಿಸಲು ವಾಚ್‌ಮನ್‌ನನ್ನು ಕರೆದಿದ್ದರಂತೆ, ನಮ್ಮನ್ನು ಎಬ್ಬಿಸಬಾರದೆಂದು. ಅವರು ಬೈದಿದ್ದರೇ ಚೆನ್ನಾಗಿತ್ತು.

ರೇರಾ ಕಾಯ್ದೆಯ ಪ್ರಕಾರ ಫ್ಲ್ಯಾಟ್ ಕೈಸೇರಿದ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರೇ ಸರಿಪಡಿಸಿಕೊಡಬೇಕು. ಆದರೆ ಇದು ಬಿಲ್ಡರ್‌ನ ದೋಷವಲ್ಲ, ನಾನೇ ದುಡ್ಡು ಕೊಟ್ಟು ಕೊರೆಸಿದ ತೂತು. ಇಲ್ಲಿನ ಟೆರೇಸುಗಳಲ್ಲಿ ಸ್ಲ್ಯಾಬಿನ ಮೇಲೆ ಇಟ್ಟಿಗೆ ಚೂರು ಮತ್ತು ಸಿಮೆಂಟಿನ ಒಂದು ಪದರ ಹಾಕಿ, ನೀರು ಹರಿಯಲು ಇಳಿಜಾರು ಕೊಟ್ಟಿರುತ್ತಾರೆ. ಬ್ರಿಕ್‌ಬ್ಯಾಟ್ ಕೋಬಾ ಎನ್ನುತ್ತಾರೆ. ಡ್ರಿಲ್ ಅದನ್ನೇ ಸೀಳಿತ್ತು. ಮಳೆಗಾಲ ಪೂರ್ತಿ ಟೆರೇಸಿಗೆ ತಾಡಪತ್ರಿ ಹೊದಿಸಿ, ಪ್ರತಿ ಸಂಜೆ ನಿಂತ ನೀರು ಬಳಿದು ಹಾಕಿದೆ. ಕಾಕೂ ಮನೆಯ ಸೀಲಿಂಗ್ ಕೆತ್ತಿಸಿ ಬಣ್ಣ ಹೊಡೆಸಿದ್ದೂ ಆಯಿತು. 60 ಸಾವಿರ ಹೋಯಿತು. ಅಪ್ಪ ಒಂದು ಮಾತೂ ಆಡಲಿಲ್ಲ. ಟೆರೇಸಿನ ಕಡೆ ಮುಖ ಮಾಡಿ ಕೂರುವುದನ್ನೇ ಬಿಟ್ಟರು.

ದಸರಾ ಹತ್ತಿರ ಬಂದಾಗ ಮತ್ತೆ ಧೈರ್ಯ ಮಾಡಿದೆ. ಮೂವರನ್ನು ಕರೆಸಿದೆ. ಒಬ್ಬ ಬಾಗಿಲಲ್ಲೇ ನಿಂತು ಚದರ ಅಡಿಗೆ ಇಷ್ಟು ಎಂದ. ಇನ್ನೊಬ್ಬ ಮೊಬೈಲಿನಲ್ಲಿ ಚಂದದ ಫೋಟೊಗಳನ್ನು ತೋರಿಸಿದ. ಅವುಗಳಲ್ಲಿ ಎರಡನ್ನು ನಾನು ಇಂಟರ್‌ನೆಟ್ಟಿನಲ್ಲಿ ಆಗಲೇ ನೋಡಿದ್ದೆ. ಮೂರನೆಯವರು ಸಾತಾರಾ ಕಡೆಯ ಮರಾಠಿಗರು, ಮಿತಭಾಷಿ. ಬಂದವರೇ ಒಂದು ಬಕೆಟ್ ನೀರು ಕೇಳಿದರು. ಮೂಲೆಯಲ್ಲಿ ಸುರಿದು, ಕುಕ್ಕರಗಾಲಲ್ಲಿ ಕೂತು, ಅದು ಎತ್ತ ಹರಿಯುತ್ತದೆ ಎಂದು ನೋಡಿದರು. ಎಲ್ಲಿಯೂ ಹೋಗಲಿಲ್ಲ, ನಡುವೆ ನಿಂತಿತು. "ಮೊದಲು ಇದು. ಡೆಕ್ ಆಮೇಲೆ. ಸೊಸೈಟಿಯ ಒಪ್ಪಿಗೆ ಪತ್ರ ಇದೆಯಾ?" ಎಂದರು ಹಿಂದಿಯಲ್ಲಿ. ಇರಲಿಲ್ಲ. ಅವರ ದರವೇ ಮೂವರಲ್ಲಿ ಜಾಸ್ತಿ: ಡೆಕ್‌ಗೆ 1.65 ಲಕ್ಷ, ವಾಟರ್‌ಪ್ರೂಫಿಂಗ್ ಬೇರೆ.

ಈ ಸಲ ಹೊಸ ಕೆಲಸದ ಫೋಟೊ ಬೇಡ, ಎರಡು ಮಳೆಗಾಲ ಕಂಡ ಕೆಲಸ ತೋರಿಸಿ ಎಂದೆ. ಎರಡು ವಿಳಾಸ ಕೊಟ್ಟರು. ಒಂದು ಭಾನುವಾರ ಎರಡನ್ನೂ ನೋಡಿ ಬಂದೆವು. ಅಷ್ಟಕ್ಕೇ ಅಪ್ಪನಿಗೆ ಸಮಾಧಾನವಿಲ್ಲ. ಈಗ ಕೆಲಸ ನಡೆಯುತ್ತಿರುವ ಜಾಗ ತೋರಿಸು ಅಂದರು. ಹೋದರೆ ಅಲ್ಲಿ ಸಿಮೆಂಟ್ ಕಲಸುತ್ತಿದ್ದ ಗೌಂಡಿ ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ನಾನು ಹಲಗೆಯ ದಪ್ಪ ಅಳೆಯುತ್ತಿದ್ದರೆ, ಅಪ್ಪ ಅವನ ಪಕ್ಕ ಇಟ್ಟಿಗೆಯ ಮೇಲೆ ಕೂತು ಕೇಳಿದ್ದು ಒಂದೇ ಪ್ರಶ್ನೆ:

"ಮಾಲಕ ಪಗಾರ ವ್ಯಾಳ್ಯಾಕ್ಕ ಕೊಡ್ತಾನೇನಪಾ?"

"ಶನಿವಾರ ತಪ್ಪಂಗಿಲ್ರೀ ಯಜಮಾನ್ರ. ಮೂರು ವರ್ಷಾತು, ಅವರ ಕೂಡನ ಅದೀನ್ರಿ."

ಅಪ್ಪ ಎದ್ದು ಪಂಚೆ ಝಾಡಿಸಿಕೊಂಡರು. ನನ್ನ ಎಕ್ಸೆಲ್ ಶೀಟಿನಲ್ಲಿ ಹನ್ನೊಂದು ಕಾಲಂ ಇದ್ದವು, ಇದಿರಲಿಲ್ಲ.

ಕರಾರನ್ನು ಎರಡು ಪುಟದಲ್ಲಿ ಬರೆದುಕೊಂಡೆವು. ಹಲಗೆಯ ಕಂಪನಿ, ದಪ್ಪ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ನೆಲಕ್ಕೆ ಒಂದೂ ತೂತು ಕೊರೆಯದೆ ರಬ್ಬರ್ ಪ್ಯಾಡ್ ಮೇಲೆ ಕೂರುವ ಫ್ರೇಮ್. ಹಣ ಕಂತಿನಲ್ಲಿ: ಆರಂಭಕ್ಕೆ ಸ್ವಲ್ಪ, ಸಾಮಾನು ಬಂದಿಳಿದಾಗ ಸ್ವಲ್ಪ, ನೀರಿನ ಪರೀಕ್ಷೆ ಮುಗಿದ ಮೇಲೆ ಸ್ವಲ್ಪ. 15 ಸಾವಿರ ಮಾತ್ರ ಮುಂದಿನ ಜೂನ್‌ವರೆಗೆ ನನ್ನ ಹತ್ತಿರವೇ. ಈ ಕೊನೆಯದಕ್ಕೆ ಅವರು ಮುಖ ಸಿಂಡರಿಸಿದರು, ಒಂದು ದಿನ ಯೋಚಿಸಿ ಒಪ್ಪಿದರು.

ನೀರಿನ ಪರೀಕ್ಷೆ ಅಂದರೆ, ಟೈಲ್ಸ್ ಕಿತ್ತು, ಇಳಿಜಾರು ಸರಿಮಾಡಿ, ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ ನೀರು ಹೋಗುವ ಜಾಳಿಯನ್ನು ಮುಚ್ಚಿ ಟೆರೇಸ್ ತುಂಬ ಎರಡು ಇಂಚು ನೀರು ನಿಲ್ಲಿಸುವುದು. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಒಂದು ಟನ್ ನೀರು, ಕಾಕೂ ಗಂಡನ ಮಂಚದ ಮೇಲೆ. ನಲವತ್ತೆಂಟು ಗಂಟೆ. ಕಾಂಟ್ರಾಕ್ಟರ್ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ಹೋದರು. ನಾನು ರಾತ್ರಿ ಎರಡು ಸಲ ಎದ್ದು ಗೆರೆ ನೋಡಿದೆ. ಎರಡನೇ ಸಲ ಹೋದಾಗ ಅಪ್ಪ ಟಾರ್ಚ್ ಹಿಡಿದು ಅಲ್ಲೇ ನಿಂತಿದ್ದರು. ಮೂರನೇ ದಿನ ಕಾಂಟ್ರಾಕ್ಟರ್ ನಮ್ಮ ಮನೆಗೆ ಬರುವ ಮೊದಲು ಕೆಳಗೆ ಹೋಗಿ, ಕಾಕೂಗೆ ಸೀಲಿಂಗ್ ಮುಟ್ಟಿ ತೋರಿಸಿ ಬಂದರು.

ಡೆಕ್‌ಗೆ ಒಂಬತ್ತು ದಿನ ಹಿಡಿಯಿತು. ಅಸಲಿ ಮರವಾದರೆ ಆಗಾಗ ಎಣ್ಣೆ ಬಳಿಯಬೇಕು, ಅದಕ್ಕೆ ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿದ ಡಬ್ಲ್ಯೂಪಿಸಿ ಹಲಗೆ ಹಾಕಿಸಿದೆವು. ಬಿಸಿಲಿಗೆ ಅದು ಹಿಗ್ಗುತ್ತದೆ, ಹಾಗಾಗಿ ಹಲಗೆಗಳ ನಡುವೆ ಸಂದು ಬಿಡಬೇಕು. ಉರಿಬಿಸಿಲಲ್ಲಿ ಇದೂ ಕಾಯುತ್ತದೆ, ಅದನ್ನು ಅವರು ಮೊದಲೇ ಹೇಳಿದ್ದರು. ಆದರೆ ಸಂಜೆಗೆ ಬೇಗ ಆರುತ್ತದೆ. ಜಾಳಿಯ ಮೇಲೆ ಮಾತ್ರ ಎತ್ತಿ ತೆಗೆಯಬಹುದಾದ ಒಂದು ಮುಚ್ಚಳ.

ಈ ಜೂನ್‌ನಲ್ಲಿ ನಾಲ್ಕು ದಿನ ಬಿಡದೆ ಸುರಿಯಿತು. ಐದನೇ ದಿನ ಕೆಳಗೆ ಹೋಗಿ ಬಾಗಿಲು ಬಡಿದೆ. ಕಾಕೂ ಮಾತಾಡದೆ ಒಳಗೆ ಕರೆದುಕೊಂಡು ಹೋಗಿ ಮೇಲೆ ಬೆರಳು ತೋರಿಸಿದರು. ಒಣಗಿತ್ತು. ಮಂಚ ಹಳೆಯ ಜಾಗಕ್ಕೆ ಬಂದಿತ್ತು. ಮೆಟ್ಟಿಲ ಮೇಲೇ ನಿಂತು 15 ಸಾವಿರ ಕಳಿಸಿದೆ.

ಹತ್ತು ನಿಮಿಷಕ್ಕೆ ಕಾಂಟ್ರಾಕ್ಟರ್ ಫೋನ್ ಮಾಡಿದರು. ಹಣದ ಮಾತಿಲ್ಲ. "ಆ ಮುಚ್ಚಳ ಎತ್ತಿ ಎಲೆ, ಕಸ ತೆಗೆದಿರಾ?"

ಮೇಲೆ ಬಂದು ನೋಡಿದರೆ ಅಪ್ಪ ಮಳೆಯಲ್ಲೇ ಕೊಡೆ ಹಿಡಿದು, ಮುಚ್ಚಳ ಪಕ್ಕಕ್ಕಿಟ್ಟು, ಜಾಳಿಯೊಳಗೆ ಕೈ ಹಾಕಿದ್ದರು.