ಒಂದು ಹನಿ ನೆತ್ತರಿನ ಸಾಕ್ಷಿ

ಬೆಳಗಿನ ಎಂಟು ಗಂಟೆಗೆಲ್ಲ ಆಸ್ಪತ್ರೆಯ ಆ ಕಿಂಡಿಯ ಮುಂದೆ ಸಾಲು ಬೆಳೆದಿರುತ್ತದೆ. ಜ್ವರದಿಂದ ಸೊರಗಿದ ಮಗುವನ್ನು ಹೆಗಲಿಗೊರಗಿಸಿಕೊಂಡ ತಾಯಿ, ಬರಿಯ ಹೊಟ್ಟೆಯಲ್ಲಿ ಬಸ್ಸು ಹಿಡಿದು ಬಂದ ಸಕ್ಕರೆ ಕಾಯಿಲೆಯ ಮುದುಕರು, ತುಂಬು ಬಸುರಿ, ಎಲ್ಲರೂ ಸರದಿಯ ಪ್ರಕಾರ ತೋಳು ಚಾಚುತ್ತಾರೆ. ಸೂಜಿ ಚುಚ್ಚುತ್ತದೆ, ಒಂದಿಷ್ಟು ನೆತ್ತರು ಕೊಳವೆಗೆ ಇಳಿಯುತ್ತದೆ, ಹತ್ತಿಯನ್ನು ಒತ್ತಿಕೊಂಡು ಅವರು ಹೊರಟುಹೋಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಒಂದು ಕಾಗದ ವೈದ್ಯರ ಮೇಜಿಗೆ ಬರುತ್ತದೆ. ವೈದ್ಯರು ಅದನ್ನೋದಿ ಔಷಧ ಬರೆಯುತ್ತಾರೆ. ಗುಣವಾದವರು ವೈದ್ಯರಿಗೆ ಕೈಮುಗಿದು ಮನೆಗೆ ನಡೆಯುತ್ತಾರೆ. ಬೆಳಗಿನ ಆ ಕೊಳವೆಗೂ ಮಧ್ಯಾಹ್ನದ ಆ ಕಾಗದಕ್ಕೂ ನಡುವೆ ಏನು ನಡೆಯಿತು, ಯಾರ ಕಣ್ಣು ನೋಡಿತು, ಯಾರ ಕೈ ಬರೆಯಿತು ಎಂದು ಕೇಳುವವರು ವಿರಳ.

ಆ ಕಣ್ಣನ್ನೂ ಕೈಯನ್ನೂ ಪಳಗಿಸುವ ವಿದ್ಯೆಯೇ ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ. ಜನರ ಬಾಯಲ್ಲಿ ಅದು 'ಲ್ಯಾಬ್ ಟೆಕ್ನೀಷಿಯನ್ ಕೋರ್ಸು'. ಕರ್ನಾಟಕದಲ್ಲಿ ಇದಕ್ಕೆ ಬಹುಕಾಲದಿಂದ ನಡೆದುಬಂದ ಡಿಪ್ಲೊಮಾ ಉಂಟು, ವಿಜ್ಞಾನದ ಪಿ.ಯು.ಸಿ. ಮುಗಿಸಿದವರಿಗೆ ಬಿ.ಎಸ್‌ಸಿ. ಪದವಿಯೂ ಉಂಟು. ಪದವಿಯ ಕಾಲೇಜುಗಳಲ್ಲಿ ಬಹಳಷ್ಟು, 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆಶ್ರಯದಲ್ಲಿವೆ. ಶರೀರರಚನೆ, ಶರೀರಕ್ರಿಯೆ, ಜೀವರಸಾಯನ, ರೋಗಶಾಸ್ತ್ರ, ಸೂಕ್ಷ್ಮಾಣುಶಾಸ್ತ್ರ, ಇವು ಪುಸ್ತಕದ ಪಾಠಗಳು. ಆದರೆ ಈ ವಿದ್ಯೆಯ ತಿರುಳು ಪುಸ್ತಕದಲ್ಲಿಲ್ಲ. ಅದು ಪ್ರಯೋಗಾಲಯದ ಮೇಜಿನ ಮೇಲಿದೆ.

ಮೊದಲ ಪಾಠ ಹೆಸರಿನದು

ಹೊಸದಾಗಿ ಸೇರಿದ ವಿದ್ಯಾರ್ಥಿನಿ ಮೊದಲ ದಿನವೇ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕುಳಿತುಕೊಳ್ಳುವ ಕನಸು ಕಂಡಿರುತ್ತಾಳೆ. ಅವಳಿಗೆ ಮೊದಲು ಕಲಿಸುವುದು ಒಂದು ಪ್ರಶ್ನೆಯನ್ನು ಕೇಳುವ ಬಗೆ. "ಲಕ್ಷ್ಮಮ್ಮನವರು ನೀವೇ ತಾನೆ?" ಎಂದು ಕೇಳಕೂಡದು. ನೋವಿನಲ್ಲಿರುವವರು, ಕಿವಿ ಮಂದವಾದವರು, ದೊಡ್ಡಾಸ್ಪತ್ರೆಗೆ ಬಂದು ಬೆದರಿದ ಹಳ್ಳಿಯವರು ಏನು ಕೇಳಿದರೂ "ಹೌದಮ್ಮ" ಎಂದುಬಿಡುತ್ತಾರೆ. "ಅಜ್ಜಿ, ನಿಮ್ಮ ಹೆಸರು ಹೇಳಿ, ವಯಸ್ಸೆಷ್ಟು?" ಎಂದೇ ಕೇಳಬೇಕು. ಉತ್ತರ ಅವರ ಬಾಯಿಂದಲೇ ಬರಬೇಕು. ಅದು ಚೀಟಿಯೊಡನೆ ತಾಳೆಯಾಗಬೇಕು. ಕೊಳವೆಯ ಮೇಲೆ ಹೆಸರನ್ನು ಅವರ ಎದುರಿನಲ್ಲಿಯೇ ಅಂಟಿಸಬೇಕು.

ಇದೇನು ಮಹಾವಿದ್ಯೆ ಎಂದು ಹೊಸಬರಿಗೆ ತೋರುವುದು ಸಹಜ. ಆದರೆ ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮಂದಿರು ಇರುವುದು ನಮ್ಮ ನಾಡಿನಲ್ಲಿ ಅಪರೂಪವೇನಲ್ಲ. ಒಬ್ಬರ ನೆತ್ತರು ಇನ್ನೊಬ್ಬರ ಹೆಸರಿನ ಕೊಳವೆಗೆ ಹೋದರೆ, ಮುಂದಿನ ಪರೀಕ್ಷೆಗಳೆಲ್ಲ ಎಷ್ಟೇ ನಿಖರವಾಗಿದ್ದರೂ ಫಲ ವಿಪರೀತವಾಗುವುದು. ಯಂತ್ರಕ್ಕೆ ನೆತ್ತರು ಗೊತ್ತು. ನೆತ್ತರಿನ ಒಡೆಯರು ಯಾರೆಂಬುದು ಗೊತ್ತಿಲ್ಲ.

ಬಣ್ಣದ ಮುಚ್ಚಳಗಳು

ಕೊಳವೆಗಳ ಮುಚ್ಚಳಗಳಿಗೆ ಬಣ್ಣ ಹಚ್ಚಿರುವುದು ಚೆಲುವಿಗಲ್ಲ. ನೇರಳೆಯ ಮುಚ್ಚಳದ ಕೊಳವೆಯಲ್ಲಿರುವ ಲವಣ ನೆತ್ತರಿನ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟು ಅದು ಹೆಪ್ಪುಗಟ್ಟದಂತೆ ಮಾಡುತ್ತದೆ. ರಕ್ತಕಣಗಳ ಎಣಿಕೆಗೆ ಇದೇ ಬೇಕು. ತಿಳಿನೀಲಿಯ ಕೊಳವೆ ಹೆಪ್ಪುಗಟ್ಟುವ ವೇಳೆಯನ್ನು ಅಳೆಯಲು. ಅದರಲ್ಲಿ ಒಂಬತ್ತು ಪಾಲು ನೆತ್ತರಿಗೆ ಒಂದು ಪಾಲು ಸಿಟ್ರೇಟ್ ದ್ರಾವಣ ಎಂಬ ಲೆಕ್ಕ ತಪ್ಪಬಾರದು. ಬೂದುಬಣ್ಣದ್ದು ಸಕ್ಕರೆಯ ಪರೀಕ್ಷೆಗೆ. ತೋಳಿನಿಂದ ಹೊರಬಂದ ಮೇಲೂ ರಕ್ತಕಣಗಳು ಬದುಕಿರುತ್ತವೆ, ಬದುಕಿದವು ಉಣ್ಣುತ್ತವೆ. ಮಾಮೂಲು ಕೊಳವೆಯಲ್ಲಿ ಸುಮ್ಮನೆ ಬಿಟ್ಟರೆ ಗಂಟೆಗೆ ನೂರಕ್ಕೆ ಐದಾರು ಪಾಲಿನಷ್ಟು ಸಕ್ಕರೆ ಕರಗಿಹೋಗಬಹುದು. ಬೂದು ಕೊಳವೆಯೊಳಗಿನ ಫ್ಲೋರೈಡ್ ಆ ಊಟವನ್ನು ತಡೆಯುತ್ತದೆ.

ಒಂದು ಕೊಳವೆಯಲ್ಲಿ ನೆತ್ತರು ಸಾಲದೆ ಬಂದಾಗ ಇನ್ನೊಂದರಿಂದ ಸುರಿದು ತುಂಬಿಸೋಣವೆಂಬ ಬುದ್ಧಿ ಎಳೆಯರಿಗೆ ಬರುವುದುಂಟು. ನೇರಳೆಯ ಕೊಳವೆಯ ನೆತ್ತರು ಕೆಂಪು ಮುಚ್ಚಳದ ಕೊಳವೆಗೆ ಬೆರೆತರೆ, ಅದರ ಲವಣದಿಂದಾಗಿ ಪೊಟ್ಯಾಸಿಯಂ ಏರಿದಂತೆಯೂ ಕ್ಯಾಲ್ಸಿಯಂ ಇಳಿದಂತೆಯೂ ಫಲ ಬರುವುದು. ಏರಿದ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಲ್ಲುದಾದ್ದರಿಂದ, ಇಲ್ಲದ ಅಪಾಯಕ್ಕೆ ವೈದ್ಯರು ಚಿಕಿತ್ಸೆ ಆರಂಭಿಸಿಬಿಡಬಹುದು. ಆದುದರಿಂದ ಕಲಿಸುವ ಮಾತು ಒಂದೇ: ಸಾಲದಿದ್ದರೆ ಸಾಲದೆಂದು ಹೇಳಿ, ಮತ್ತೊಮ್ಮೆ ನೆತ್ತರು ಕೇಳಬೇಕು. ರೋಗಿಯ ಬೈಗುಳ ಕೇಳಬೇಕಾದೀತು, ಕೇಳಬೇಕು.

ಗಾಜಿನ ಮೇಲೆ

ಇನ್ನು ಕೈಗೆ ಕಲಿಸುವ ಕೆಲಸ. ಗಾಜಿನ ಸ್ಲೈಡಿನ ಒಂದು ತುದಿಯಲ್ಲಿ ಸಣ್ಣದೊಂದು ಹನಿಯಿಟ್ಟು, ಇನ್ನೊಂದು ಗಾಜನ್ನು ಓರೆಯಾಗಿ ಹಿಡಿದು, ಒಂದೇ ಎಳೆತದಲ್ಲಿ ಹನಿಯನ್ನು ಹರಡಬೇಕು. ಕೈ ನಡುಗಿದರೆ ಅಲೆಯೆದ್ದೀತು, ತಡೆದರೆ ದಪ್ಪವಾದೀತು. ಸರಿಯಾಗಿ ಬಂದದ್ದು ನಾಲಿಗೆಯ ಆಕಾರದಲ್ಲಿದ್ದು, ತುದಿಯಲ್ಲಿ ಗರಿಯಂತೆ ತೆಳುವಾಗುತ್ತದೆ. ಲೀಶ್‌ಮನ್ ಎಂಬ ಸೈನ್ಯವೈದ್ಯರ ಹೆಸರಿನ ಬಣ್ಣವನ್ನು ಅದಕ್ಕೆ ಹಾಕಿ, ಕ್ಷಣಗಳನ್ನು ಎಣಿಸಿ, ನೀರಿನಲ್ಲಿ ತೊಳೆದು ಒಣಗಿಸಿದರೆ, ಬರಿಗಣ್ಣಿಗೆ ಕಲೆಯಂತೆ ಕಂಡದ್ದು ಸಾವಿರ ಪಟ್ಟು ಹಿಗ್ಗಿ ಒಂದು ಲೋಕವಾಗಿ ತೆರೆಯುತ್ತದೆ. ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಏಳೆಂಟು ಪಾಲಿನಷ್ಟು ಅಗಲದ ಕೆಂಪುಕಣಗಳು ಬಿಲ್ಲೆಗಳಂತೆ ಹರಡಿವೆ. ನಡುನಡುವೆ ನೇರಳೆಯ ಒಡಲಿನ ಬಿಳಿಯ ಕಣಗಳು ಕಾವಲು ನಿಂತಿವೆ.

ಅವನ್ನು ಎಣಿಸಲು ಗೆರೆ ಕೊರೆದ ಗಾಜಿನ ಅಂಕಣವೊಂದಿದೆ. ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟೇ ಆಳವಾದ ಆ ಅಂಕಣದಲ್ಲಿ, ಇಪ್ಪತ್ತು ಪಟ್ಟು ತೆಳುಮಾಡಿದ ನೆತ್ತರಿನ ನಾಲ್ಕು ಮೂಲೆಯ ಚೌಕಗಳ ಬಿಳಿಯ ಕಣಗಳನ್ನು ಎಣಿಸಿ 50ರಿಂದ ಗುಣಿಸಬೇಕು. ಗೆರೆಯ ಮೇಲೆ ಕುಳಿತ ಕಣವನ್ನು ಎಣಿಸಬೇಕೆ, ಬಿಡಬೇಕೆ? ಎರಡು ಬದಿಯ ಗೆರೆಗಳ ಮೇಲಿನವು ಲೆಕ್ಕಕ್ಕೆ, ಇನ್ನೆರಡು ಬದಿಯವು ಬೇಡ. ಇಷ್ಟು ಸಣ್ಣ ನಿಯಮಕ್ಕೂ ಅಲ್ಲಿ ವಿನಾಯಿತಿಯಿಲ್ಲ. ಈಗ ದೊಡ್ಡ ಪ್ರಯೋಗಾಲಯಗಳಲ್ಲಿ ಯಂತ್ರಗಳೇ ಎಣಿಸುತ್ತವೆ. ಆದರೂ ಕಾಲೇಜುಗಳು ಈ ಅಂಕಣವನ್ನು ಬಿಟ್ಟಿಲ್ಲ. ತಾನೇ ಎಣಿಸಿದವರಿಗೆ ಮಾತ್ರ ಯಂತ್ರ ಎಣಿಸಿದ್ದರಲ್ಲಿ ತಪ್ಪು ಕಾಣುವುದು.

'ಇಲ್ಲ' ಎನ್ನುವ ಮೊದಲು

1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಅವರು ಬರ್ಲಿನ್ನಿನಲ್ಲಿ ಕ್ಷಯದ ರೋಗಾಣುವನ್ನು ಲೋಕಕ್ಕೆ ಸಾರಿದರು. ಮೇಣದ ಕವಚ ತೊಟ್ಟ ಆ ರೋಗಾಣು ಸುಲಭದಲ್ಲಿ ಬಣ್ಣ ಹಿಡಿಯದು. ಹಿಡಿದರೆ ಆಮ್ಲಕ್ಕೂ ಬಿಡದು. ಕಫವನ್ನು ಗಾಜಿಗೆ ಹಚ್ಚಿ, ಕೆಂಪು ಬಣ್ಣ ಸುರಿದು, ಹಬೆಯೇಳುವವರೆಗೆ ಕೆಳಗಿನಿಂದ ಕಾಯಿಸಿ, ಆಮ್ಲದಲ್ಲಿ ತೊಳೆದು, ಕೊನೆಗೆ ನೀಲಿ ಹಾಕಿದರೆ, ನೀಲಿಯ ಬಯಲಿನಲ್ಲಿ ಕ್ಷಯದ ಕಡ್ಡಿಗಳು ಮಾತ್ರ ಕೆಂಪಗೆ ಉಳಿಯುತ್ತವೆ. ಕಂಡರೆ ಸರಿ. ಕಾಣದಿದ್ದರೆ? ನೂರು ನೋಟಗಳನ್ನು ಪೂರ್ತಿ ನೋಡಿದ ಹೊರತು 'ಇಲ್ಲ' ಎಂದು ಬರೆಯುವಂತಿಲ್ಲ. ನೂರರಲ್ಲಿ ಒಂದೋ ಎರಡೋ ಕಡ್ಡಿ ಕಂಡರೂ ಆ ಎಣಿಕೆಯನ್ನೇ ಬರೆಯಬೇಕು.

ಈ ವಿದ್ಯೆಯ ನಿಜವಾದ ಪರೀಕ್ಷೆ ಇಲ್ಲಿದೆ. ನಲವತ್ತನೆಯ ನೋಟಕ್ಕೆ ಕತ್ತು ನೋಯುತ್ತದೆ, ಕಣ್ಣು ಮಂಜಾಗುತ್ತದೆ, ಇನ್ನೂ ಹದಿನೈದು ಸ್ಲೈಡುಗಳು ಕಾದಿವೆ. ಅಲ್ಲಿಗೇ ನಿಲ್ಲಿಸಿ 'ಇಲ್ಲ' ಎಂದು ಬರೆದರೆ ಕೇಳುವವರಾರು? ಕೇಳುವವರಿಲ್ಲ. ಆದರೆ ಎಪ್ಪತ್ತನೆಯ ನೋಟದಲ್ಲಿದ್ದ ಆ ಒಂದು ಕೆಂಪು ಕಡ್ಡಿಯನ್ನು ಹೊತ್ತ ಕೂಲಿಯಾತ, 'ಕ್ಷಯವಿಲ್ಲ' ಎಂಬ ಸಮಾಧಾನದಿಂದ ಮನೆಗೆ ಹೋಗಿ ಮಕ್ಕಳ ನಡುವೆ ಮಲಗುತ್ತಾನೆ. ಇಂದು ರೋಗಾಣುವಿನ ವಂಶಾಣುವನ್ನೇ ಹುಡುಕುವ ಯಂತ್ರಗಳು ಬಂದು ಕ್ಷಯದ ಪತ್ತೆ ಬಹಳ ಸುಧಾರಿಸಿದೆ. ಆದರೂ ನೂರು ನೋಟಗಳ ಆ ವ್ರತವನ್ನು ವಿದ್ಯಾರ್ಥಿಗಳು ಕಲಿಯುತ್ತಲೇ ಇದ್ದಾರೆ.

ಇಂಥ ತಾಳ್ಮೆಗೆ ಮೇಲ್ಪಂಕ್ತಿಯನ್ನು ಬಹುದೂರ ಹುಡುಕಬೇಕಾಗಿಲ್ಲ. 1895ರಲ್ಲಿ ಕಾಲರಾ ತಡೆಯುವ ಕೆಲಸಕ್ಕಾಗಿ ಬೆಂಗಳೂರಿನಲ್ಲಿದ್ದ ರೊನಾಲ್ಡ್ ರಾಸ್ ಅವರು, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಾಣುವನ್ನು ಕಂಡರು. ಹಣೆಯ ಬೆವರಿಳಿದು ಅವರ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವಂತೆ. ಸೀಳಿ ನೋಡಿದ ಎಷ್ಟೋ ಸೊಳ್ಳೆಗಳಲ್ಲಿ ಏನೂ ಸಿಗದ ಮೇಲೂ ಅವರು ಮುಂದಿನದನ್ನು ನೋಡಿದರು.

ಯಂತ್ರ ನುಡಿದದ್ದೆಲ್ಲ ನಿಜವೆ?

ಡೆಂಗಿಯ ಕಾಲದಲ್ಲಿ ಪ್ಲೇಟ್‌ಲೆಟ್ ಎಂಬ ಮಾತು ಮನೆಮನೆಯದಾಗುತ್ತದೆ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರು ನೆತ್ತರಿಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಅವು ಇರುತ್ತವೆ. ಯಂತ್ರ ನಲವತ್ತು ಸಾವಿರವೆಂದು ಮುದ್ರಿಸಿತೆನ್ನೋಣ. ಮನೆಯವರ ಎದೆ ಒಡೆಯುವುದು. ಆದರೆ ತರಬೇತಿ ಪಡೆದವರು ಆ ಕಾಗದವನ್ನು ಒಡನೆಯೇ ಕೊಟ್ಟುಬಿಡುವುದಿಲ್ಲ. ಅದೇ ನೆತ್ತರನ್ನು ಗಾಜಿಗೆ ಹರಡಿ ನೋಡುತ್ತಾರೆ. ಕೆಲವರ ನೆತ್ತರಿನಲ್ಲಿ ನೇರಳೆಯ ಕೊಳವೆಯ ಲವಣದಿಂದಲೇ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ. ಗೊಂಚಲನ್ನು ಯಂತ್ರ ಪ್ಲೇಟ್‌ಲೆಟ್ಟೆಂದು ಗುರುತಿಸದು. ಅಂಥ ಗೊಂಚಲು ಕಂಡರೆ ತಿಳಿನೀಲಿಯ ಕೊಳವೆಯಲ್ಲಿ ಹೊಸ ನೆತ್ತರು ತೆಗೆದು ಮತ್ತೆ ಎಣಿಸಬೇಕು. ಗೊಂಚಲಿಲ್ಲದಿದ್ದರೆ, ಆ ನಲವತ್ತು ಸಾವಿರ ನಿಜವೆಂದು ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಯಂತ್ರವನ್ನೂ ದಿನವೂ ಪರೀಕ್ಷೆಗೆ ಕೂರಿಸುತ್ತಾರೆ. ಬೆಳಗ್ಗೆ ರೋಗಿಗಳ ನೆತ್ತರಿಗೆ ಮೊದಲು, ಫಲ ಮುಂಚೆಯೇ ತಿಳಿದಿರುವ ಒಂದು ಮಾದರಿಯನ್ನು ಅದಕ್ಕೆ ಉಣಿಸಿ, ಬಂದ ಅಂಕಿಯನ್ನು ನಕ್ಷೆಯಲ್ಲಿ ಗುರುತಿಸಬೇಕು. ಲೀವಿ ಮತ್ತು ಜೆನ್ನಿಂಗ್ಸ್ ಎಂಬಿಬ್ಬರು 1950ರಲ್ಲಿ ಪ್ರಯೋಗಾಲಯಗಳಿಗೆ ತಂದ ಕ್ರಮವಿದು. ಚುಕ್ಕಿ ಗೆರೆಯ ಆಚೆ ಬಿದ್ದರೆ, ಹೊರಗೆ ಎಷ್ಟೇ ಜನ ಕಾದಿರಲಿ, ಕಾರಣ ಸಿಗುವವರೆಗೆ ಒಂದು ವರದಿಯೂ ಹೊರಹೋಗಬಾರದು.

ಸೂಜಿಯ ಮೊನೆ

ಈ ಕೆಲಸ ಮಾಡುವವರಿಗೂ ಅಪಾಯ ತಪ್ಪಿದ್ದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಊರವರಿಗೆ ಜ್ವರ ಬಂದು, ಹೊಸದೊಂದು ವೈರಸ್ಸು ಪತ್ತೆಯಾಯಿತು. ಮಂಗನ ಕಾಯಿಲೆ ಎಂದು ಮಲೆನಾಡು ಕರೆಯುವ ಆ ಜ್ವರ, ಅದನ್ನು ಪರೀಕ್ಷಿಸುತ್ತಿದ್ದ ಪ್ರಯೋಗಾಲಯದ ಕೆಲಸಗಾರರಲ್ಲಿಯೂ ಹಲವರಿಗೆ ತಗುಲಿತು. ಆದುದರಿಂದ ವಿದ್ಯಾರ್ಥಿಗಳಿಗೆ ಕಟ್ಟುನಿಟ್ಟಿನ ಆಜ್ಞೆಗಳಿವೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಕೂಡದು. ಅದು ನೇರವಾಗಿ ಚುಚ್ಚಿದರೂ ತೂತಾಗದ ಬಿಳಿಯ ಡಬ್ಬಿಗೆ ಹೋಗಬೇಕು. ಚುಚ್ಚಿಕೊಂಡರೆ ಸೋಪು ನೀರಿನಿಂದ ತೊಳೆದು, ಮುಚ್ಚಿಡದೆ ಒಡನೆ ಹೇಳಬೇಕು. ಎಚ್.ಐ.ವಿ. ತಡೆಯುವ ಔಷಧ ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳೊಳಗೆ ಆರಂಭವಾಗಬೇಕು. ಬೈದಾರೆಂಬ ಭಯದಿಂದ ಮೌನವಾಗಿ ಉಳಿಯುವುದೇ ಇಲ್ಲಿ ಸೂಜಿಗಿಂತ ದೊಡ್ಡ ಶತ್ರು.

ಇಷ್ಟು ಹೊಣೆ ಹೊತ್ತವರಿಗೆ ಕಾನೂನಿನ ಮನ್ನಣೆ ಬಂದದ್ದು ಬಲು ತಡವಾಗಿ. ದಾದಿಯರ ಶಿಕ್ಷಣಕ್ಕೆ 1947ರಲ್ಲಿ, ಫಾರ್ಮಸಿಗೆ 1948ರಲ್ಲಿ ಕೇಂದ್ರದ ಕಾಯಿದೆಗಳಾದವು. ಪ್ರಯೋಗಾಲಯದವರನ್ನೂ ಒಳಗೊಂಡ ಸಹವೈದ್ಯಕೀಯ ವೃತ್ತಿಗಳ ಕಾಯಿದೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು 2021ರಲ್ಲಿ, ಕೋವಿಡ್ ಪರೀಕ್ಷೆಗಾಗಿ ದೇಶವೇ ಅವರ ಕಿಂಡಿಯ ಮುಂದೆ ಸಾಲುನಿಂತ ಮೇಲೆ.

ರಾತ್ರಿಪಾಳಿ

ಓದು ಮುಗಿದ ಮೇಲೆ ಆಸ್ಪತ್ರೆಯಲ್ಲಿಯೇ ದುಡಿದು ಕಲಿಯುವ ಅವಧಿ. ಅಂಥ ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳಬಹುದು. ಹೆರಿಗೆಯಾದ ತಾಯಿಯೊಬ್ಬಳಿಗೆ ರಕ್ತಸ್ರಾವ ನಿಲ್ಲದು. ಕೊಳವೆ ಓಡಿಬರುತ್ತದೆ; ಹಿಂದೆಯೇ ಗಂಡ, ಅತ್ತೆ, ಅಣ್ಣ. "ಬೇಗ ಮಾಡಮ್ಮಾ, ಬೇಗ!" ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರು 1901ರಲ್ಲಿ ತೋರಿಸಿಕೊಟ್ಟ ರಕ್ತದ ಗುಂಪುಗಳನ್ನು ಗೊತ್ತುಮಾಡುವ ಪರೀಕ್ಷೆ ಮೇಲುನೋಟಕ್ಕೆ ಮಕ್ಕಳಾಟದಂತೆ. ಹನಿಗಳು ಗರಣೆಗಟ್ಟಿದವೋ ಇಲ್ಲವೋ ನೋಡಿದರಾಯಿತು. ಈ ತಾಯಿಯದು 'ಓ' ಎಂದು ತೋರುತ್ತದೆ. 'ಓ' ರಕ್ತದ ಚೀಲವೂ ಸಿದ್ಧವಿದೆ.

ಆದರೆ ಕಲಿತ ಕ್ರಮ ಅಷ್ಟಕ್ಕೆ ನಿಲ್ಲಗೊಡದು. 1952ರಲ್ಲಿ ಮುಂಬಯಿಯ ವೈದ್ಯ ಭೆಂಡೆ ಮತ್ತು ಸಂಗಡಿಗರು ಬೆಳಕಿಗೆ ತಂದ 'ಬಾಂಬೆ ಗುಂಪು' ಎಂಬುದೊಂದಿದೆ. ಮೊದಲ ಪರೀಕ್ಷೆಯಲ್ಲಿ ಅದು 'ಓ' ಎಂದೇ ತೋರುವುದು. 'ಓ' ರಕ್ತವನ್ನು ಕೊಟ್ಟರೆ ಮಾತ್ರ ದೇಹ ಅದರ ಕಣಗಳನ್ನು ಒಡೆದುಹಾಕುವುದು. ಆದುದರಿಂದ ಹುಡುಗಿ ರೋಗಿಯ ರಕ್ತದ ತಿಳಿಯನ್ನು ಪ್ರತ್ಯೇಕಿಸಿ, ಗೊತ್ತಿರುವ ಕಣಗಳೊಡನೆ ಬೆರೆಸಿ ನೋಡುತ್ತಾಳೆ. ಚೀಲದ ರಕ್ತದೊಡನೆಯೂ ಹೊಂದಿಸಿ ನೋಡುತ್ತಾಳೆ. ಬಾಗಿಲಾಚೆ ಅಳು ಏರುತ್ತಿದೆ. ಅವಳ ಕೈ ಅವಸರಿಸುವುದಿಲ್ಲ, ತಡಮಾಡುವುದೂ ಇಲ್ಲ. ಎಲ್ಲಿಯೂ ಗರಣೆಯಿಲ್ಲವೆಂದು ಕಂಡ ಮೇಲೆ, ಚೀಲದ ಸಂಖ್ಯೆಯನ್ನೂ ತಾಯಿಯ ಹೆಸರನ್ನೂ ಮತ್ತೊಮ್ಮೆ ಓದಿ ಸಹಿ ಮಾಡುತ್ತಾಳೆ. ಚೀಲ ಹೆರಿಗೆ ಕೋಣೆಯತ್ತ ಓಡುತ್ತದೆ.

ಕೆಲವು ದಿನಗಳಲ್ಲಿ ಆ ತಾಯಿ ಮಗುವಿನೊಡನೆ ಊರಿಗೆ ಹೊರಡುತ್ತಾಳೆ. ವೈದ್ಯರಿಗೂ ದಾದಿಗೂ ಸಿಹಿ ಹಂಚುತ್ತಾರೆ. ಕಾರಿಡಾರಿನ ಕೊನೆಯ ಆ ಕಿಂಡಿಯವರೆಗೆ ಯಾರೂ ಬರುವುದಿಲ್ಲ. ಅಲ್ಲಿ ಅದನ್ನು ನಿರೀಕ್ಷಿಸಿಯೂ ಇಲ್ಲ. ಬೆಳಗಿನ ಸಾಲು ಆಗಲೇ ಬೆಳೆದಿದೆ. ಮೊದಲಿಗೆ ಬಂದ ಮುದುಕರು ಅಂಗಿಯ ತೋಳು ಮಡಚಿ ಕೈಚಾಚುತ್ತಾರೆ.

"ಅಜ್ಜಾ, ನಿಮ್ಮ ಹೆಸರು ಹೇಳಿ," ಎನ್ನುತ್ತಾಳೆ ಹುಡುಗಿ.