ಬಿಸಿಲೂರಿನ ಹುಳಿಹಿಟ್ಟು

ಬೇಸಿಗೆಯಲ್ಲಿ ಹಾಲಿಗೆ ಹೆಪ್ಪು ಹಾಕುವಾಗ ಚಮಚದ ತುದಿಗೆ ಅಂಟಿದಷ್ಟೇ ಮಜ್ಜಿಗೆ ಸಾಕು ಅಂತಿದ್ದಳು ಅವ್ವ. ಚಳಿಗಾಲ ಬಂತೆಂದರೆ ಅದೇ ಅವ್ವ ಚಮಚ ತುಂಬ ಸುರಿದು, ಪಾತ್ರೆಗೆ ಬಟ್ಟೆ ಸುತ್ತಿ ಒಲೆಯ ಮಗ್ಗುಲಿಗೆ ಇಡುತ್ತಿದ್ದಳು. ಕಲಬುರಗಿಯ ಬಿಸಿಲಿನಲ್ಲಿ ಬ್ರೆಡ್ಡಿನ ಹೆಪ್ಪು ಸಾಕುವುದಕ್ಕೆ ಬೇಕಾದ ತಿಳಿವಳಿಕೆ ಹೆಚ್ಚುಕಡಿಮೆ ಇಷ್ಟೇ. ಅದು ನನಗೆ ಹೊಳೆಯುವ ಹೊತ್ತಿಗೆ ಎರಡು ಬಾಟಲಿ ಹಿಟ್ಟು ಕೆಟ್ಟು ಹೋಗಿತ್ತು.

ಸೌರ್‌ಡೋ ಎಂದರೆ ಅಂಗಡಿಯ ಈಸ್ಟ್ ಹಾಕದೆ ಉಬ್ಬುವ ಹುಳಿ ಬ್ರೆಡ್. ಗೋಧಿ ಹಿಟ್ಟನ್ನು ಬರೀ ನೀರಿನಲ್ಲಿ ಕಲಸಿ ಇಟ್ಟು, ದಿನವೂ ಹೊಸ ಹಿಟ್ಟು ಉಣಿಸುತ್ತಾ ಹೋದರೆ ಕಾಳಿನ ಜೊತೆಗೇ ಬಂದ ಈಸ್ಟ್ ಮತ್ತು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಯೂರುತ್ತವೆ. ಮೊದಲನೆಯದು ಗುಳ್ಳೆ ಎಬ್ಬಿಸುತ್ತದೆ, ಎರಡನೆಯದು ಹುಳಿ ಬರಿಸುತ್ತದೆ. ಬೇಕರಿಯವರು ಸ್ಟಾರ್ಟರ್ ಎನ್ನುವ ಈ ಮಿಶ್ರಣಕ್ಕೆ ನಮ್ಮ ಹೆಪ್ಪು ಎಂಬ ಮಾತು ಚೆನ್ನಾಗಿ ಒಪ್ಪುತ್ತದೆ.

ಈ ಬ್ರೆಡ್ಡಿಗೆ ದೊಡ್ಡ ಹೆಸರು ತಂದುಕೊಟ್ಟ ಊರುಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಒಂದು. ಅಲ್ಲಿನ ಬೊಡೀನ್ ಬೇಕರಿ 1849ರ ಹೆಪ್ಪನ್ನೇ ಇಂದಿಗೂ ಬಳಸುತ್ತಿರುವುದಾಗಿ ಹೇಳಿಕೊಳ್ಳುತ್ತದೆ. ಹುಳಿಹಿಟ್ಟಿನ ಒಂದು ಮುಖ್ಯ ಬ್ಯಾಕ್ಟೀರಿಯಾಕ್ಕೆ ಆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಆದರೆ ಅದು ಬೇಸಿಗೆಯಲ್ಲೂ ಮಂಜು ಮುಸುಕುವ ತಂಪು ಊರು. ಅಂಥ ಕಡೆ ಬರೆದ ಪುಸ್ತಕಗಳು ಹೆಪ್ಪನ್ನು ಬೆಚ್ಚಗಿಡಿ, ಎಚ್ಚರಿಸಿ ಎನ್ನುತ್ತವೆ. ನಮಗೆ ಬೇಕಾದದ್ದು ಅದರ ಓಟಕ್ಕೆ ಕಡಿವಾಣ.

ಆ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವುದು 32 ಡಿಗ್ರಿಯ ಆಸುಪಾಸಿನಲ್ಲಿ. ಅದರ ಜೊತೆ ಬಾಳುವ ಈಸ್ಟ್‌ಗೆ 27 ಡಿಗ್ರಿ ಹಿತ, 36 ದಾಟಿತೆಂದರೆ ಬೆಳವಣಿಗೆಯೇ ನಿಲ್ಲುತ್ತದೆ. ಹಾಗಾಗಿ ಏಪ್ರಿಲ್‌ನ ಅಡುಗೆಮನೆಯಲ್ಲಿ ಹುಳಿ ಮುಂದೆ ಓಡುತ್ತದೆ, ಉಬ್ಬು ಹಿಂದೆ ಬೀಳುತ್ತದೆ. ಹುಳಿ ಏರಿದಂತೆಲ್ಲ ಹಿಟ್ಟಿನೊಳಗಿನ ಕಿಣ್ವಗಳು ಅದರ ಜಿಗುಟನ್ನು ಕತ್ತರಿಸುತ್ತಾ ಹೋಗುತ್ತವೆ. ಬೆಳಿಗ್ಗೆ ಗಟ್ಟಿಯಾಗಿದ್ದ ಹಿಟ್ಟು ಸಂಜೆಗೆ ಅಂಬಲಿಯಂತೆ ಹರಿಯುವುದು ಇದೇ ಕಾರಣಕ್ಕೆ.

ಹೆಪ್ಪು ಹುಟ್ಟಿಸಲು 50 ಗ್ರಾಂ ಗಿರಣಿ ಹಿಟ್ಟು, ಅಷ್ಟೇ ನೀರು ಸಾಕು. ತವುಡು ಸಮೇತ ಬೀಸಿದ ಹಿಟ್ಟಿನಲ್ಲಿ ಜೀವ ಹೆಚ್ಚು. ನಮ್ಮ ಸೆಖೆಗೆ ಮರುದಿನವೇ ಅದು ಬಾಟಲಿಯ ಬಾಯಿಗೆ ಬರುತ್ತದೆ. ಹಿಗ್ಗಬೇಡಿ, ಇದು ಹುಸಿ ಉಬ್ಬು. ಇಡ್ಲಿ ಹಿಟ್ಟನ್ನು ಉಬ್ಬಿಸುವ ಲ್ಯುಕೊನೊಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳ ಆಟ ಅದು, ಈಸ್ಟ್ ಇನ್ನೂ ಎದ್ದಿರುವುದಿಲ್ಲ. ವಾಸನೆಯೂ ಕೆಟ್ಟದಾಗಿರಬಹುದು. ಮೂರನೇ ನಾಲ್ಕನೇ ದಿನ ಎಲ್ಲವೂ ಸ್ತಬ್ಧ. ಎಷ್ಟೋ ಜನ ಸತ್ತು ಹೋಯಿತೆಂದು ಚೆಲ್ಲುವುದು ಆಗಲೇ. ಹುಳಿ ಸಾಕಷ್ಟು ಏರಿದ ಮೇಲೆ ಮೊದಲ ಗುಂಪು ಹಿಂದೆ ಸರಿದು ಈಸ್ಟ್‌ಗೆ ದಾರಿಯಾಗುತ್ತದೆ. ದಿನವೂ ಸ್ವಲ್ಪ ಹೆಪ್ಪು ಉಳಿಸಿಕೊಂಡು ಹೊಸ ಹಿಟ್ಟು, ನೀರು ಕೊಡುತ್ತಾ ಬಂದರೆ ವಾರದೊಳಗೆ ಮಾಗಿದ ಹಣ್ಣಿನ, ಮೊಸರಿನ ಪರಿಮಳ ಬರುತ್ತದೆ. ತೆಗೆದ ಹಿಟ್ಟನ್ನು ಮೊದಲ ವಾರ ಚೆಲ್ಲಿಬಿಡಿ. ಹೆಪ್ಪು ನಿಂತ ಮೇಲೆ ಅದು ದೋಸೆಗೆ, ತಾಲಿಪಟ್ಟಿಗೆ ಸೊಗಸು.

ಕಾಪಾಡುವ ಕೆಲಸದಲ್ಲೇ ಕೈಚಳಕ ಇರುವುದು. ಪುಸ್ತಕದ ಲೆಕ್ಕ ಸಮಸಮ: 20 ಗ್ರಾಂ ಹೆಪ್ಪಿಗೆ 20 ಗ್ರಾಂ ಹಿಟ್ಟು, 20 ಗ್ರಾಂ ನೀರು. ಇಲ್ಲಿ ಅದು ಮೂರು ಗಂಟೆಯಲ್ಲೇ ಉಬ್ಬಿ, ಕುಸಿದು, ಹೊತ್ತು ಮುಳುಗುವಷ್ಟರಲ್ಲಿ ಪೇಂಟ್ ಥಿನ್ನರ್‌ನಂತೆ ನಾರುತ್ತದೆ. ಅದು ಹಸಿವಿನ ವಾಸನೆ. ನಾನೀಗ ಅವ್ವನ ಲೆಕ್ಕಕ್ಕೆ ಬಂದಿದ್ದೇನೆ. 5 ಗ್ರಾಂ ಹೆಪ್ಪಿಗೆ 50 ಗ್ರಾಂ ಹಿಟ್ಟು, ಮಡಕೆಯ ತಣ್ಣೀರು ಬರೀ 30 ಗ್ರಾಂ, ಕಡುಬೇಸಿಗೆಯಲ್ಲಿ ಚಿಟಿಕೆ ಉಪ್ಪು. ಚಪಾತಿ ಹಿಟ್ಟಿನ ಹದಕ್ಕೆ ಗಟ್ಟಿಯಾಗಿ ಕಲಸಿದ ಹೆಪ್ಪು ನಿಧಾನವಾಗಿ ಹುಳಿಯಾಗುತ್ತದೆ. ಇಟಲಿಯವರು ತಮ್ಮ ಗಟ್ಟಿ ಹೆಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಇಡುವ ಪದ್ಧತಿಯೂ ಉಂಟು.

ಬಾಟಲಿಯನ್ನು ನೀರು ತುಂಬಿದ ತಟ್ಟೆಯಲ್ಲಿ ನಿಲ್ಲಿಸಿ ಒದ್ದೆ ಬಟ್ಟೆ ಸುತ್ತಿದರೆ ನಮ್ಮ ಒಣ ಗಾಳಿಗೆ ಕೆಲವು ಡಿಗ್ರಿ ತಂಪು ಸಿಗುತ್ತದೆ, ಇರುವೆಯೂ ಹತ್ತುವುದಿಲ್ಲ. ಮಂಗಳೂರು, ಉಡುಪಿಯ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟಾಗಿ ಫಲಿಸದು, ಫ್ರಿಜ್ ಬೇಕೇ ಬೇಕು. ಉಣಿಸಿ ಒಂದು ತಾಸು ಬಿಟ್ಟು ಫ್ರಿಜ್ಜಿಗಿಟ್ಟರೆ ವಾರಕ್ಕೊಂದು ಊಟ ಸಾಕು. ಮೇಲೆ ಕಪ್ಪು ನೀರು ನಿಂತರೆ ಹೆದರಬೇಕಿಲ್ಲ, ಬಸಿದು ಮತ್ತೆ ಉಣಿಸಬಹುದು. ಬೂಸ್ಟು ಹಿಡಿದರೆ, ಗುಲಾಬಿ ಬಣ್ಣದ ಗೆರೆ ಕಂಡರೆ ಮಾತ್ರ ಪೂರ್ತಿ ಚೆಲ್ಲಲೇಬೇಕು.

ಸೆಖೆಯ ನಾಡುಗಳಿಗೆ ಹುಳಿ ರೊಟ್ಟಿ ಹೊಸದಲ್ಲ. ಸುಡಾನಿನವರು ನಮ್ಮದೇ ಜೋಳದ ಹಿಟ್ಟನ್ನು ಹುಳಿ ಬರಿಸಿ, ಕಿಸ್ರಾ ಎಂಬ ತೆಳು ರೊಟ್ಟಿ ಹುಯ್ಯುತ್ತಾರೆ. ಗೋವೆಯ ಪಾವ್ ಹಿಂದೆ ಉಬ್ಬುತ್ತಿದ್ದುದು ಶೇಂದಿಯಿಂದ. ನಮ್ಮ ಬೆಳಗಾವಿ, ವಿಜಯಪುರದ ಕಡೆ ಬೆಳೆಯುವ ಜವೆ ಗೋಧಿಯ ಹಿಟ್ಟನ್ನೂ ಹೆಪ್ಪಿಗೆ ಉಣಿಸಿ ನೋಡಿದ್ದೇನೆ. ಅದರ ಜಿಗುಟು ಕಡಿಮೆ, ಬ್ರೆಡ್ ಎತ್ತರಕ್ಕೆ ಏಳದು. ಆದರೆ ಆ ರುಚಿಗಾಗಿ ನಾನು ಎತ್ತರವನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.

ಊರಿಗೆ ಹೋಗುವ ಮುನ್ನ ನಾನು ಮಾಡುವ ಇನ್ನೊಂದು ಕೆಲಸವಿದೆ. ಚೆನ್ನಾಗಿ ಉಬ್ಬಿದ ಹೆಪ್ಪನ್ನು ನೀರಲ್ಲಿ ತೆಳ್ಳಗೆ ಮಾಡಿ, ಬೆಣ್ಣೆ ಕಾಗದದ ಮೇಲೆ ಸವರಿ ನೆರಳಿನಲ್ಲಿ ಒಣಗಿಸುತ್ತೇನೆ. ಮೇ ತಿಂಗಳಲ್ಲಿ ಒಂದೇ ದಿನಕ್ಕೆ ಹಪ್ಪಳದಂತೆ ಗರಿಗರಿಯಾಗುತ್ತದೆ. ಪುಡಿ ಮಾಡಿ ಡಬ್ಬಿಗೆ ತುಂಬಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಮತ್ತೆ ಬೇಕಾದಾಗ ನೀರು, ಹಿಟ್ಟು ಹಾಕಿ ಎರಡು ಮೂರು ದಿನ ಉಣಿಸಿದರೆ ಬಾಟಲಿಯಲ್ಲಿ ಗುಳ್ಳೆ ಏಳುತ್ತವೆ.