"ಅಣ್ಣಾ, ಆಫ್ರಿಕಾದವನೇ ಆಗಿದ್ರೆ?"

ಇವತ್ತಿನ ಮಾತು ಶುರುವಾಗಿದ್ದು ನಮ್ಮ ವಾಕಡ್ ಫ್ಲಾಟಿನ ಗೇಟಿನಲ್ಲಿ.

ಒಂದು ರೂಮು ಖಾಲಿ ಇತ್ತು. ನೋಡಲಿಕ್ಕೆ ಬಂದ ಹುಡುಗ ಹಳಿಯಾಳ ಕಡೆಯವನು, ಸಿದ್ದಿ ಸಮುದಾಯದವನು. ಹಿಂಜವಡಿಯಲ್ಲಿ ಟೆಸ್ಟಿಂಗ್ ಕೆಲಸ. ವಾಚ್‌ಮನ್ ಅವನನ್ನು ನಿಲ್ಲಿಸಿ ಪಾಸ್‌ಪೋರ್ಟ್ ಕೇಳಿದ. ನಾನು ಓಡಿ ಹೋಗಿ, "ಅರೆ, ಇವನು ಆಫ್ರಿಕಾದವನಲ್ಲ, ನಮ್ಮ ಕರ್ನಾಟಕದವನು" ಅಂದೆ. ಒಳಗೆ ಬಿಟ್ಟರು. ಮೆಟ್ಟಿಲು ಹತ್ತುವಾಗ ಅವನು ಮೆಲ್ಲಗೆ ಕೇಳಿದ: "ಅಣ್ಣಾ, ಆಫ್ರಿಕಾದವನೇ ಆಗಿದ್ರೆ?"

ನನ್ನ ಹತ್ರ ಉತ್ತರ ಇರಲಿಲ್ಲ. ಅವತ್ತು ರಾತ್ರಿ ಫ್ರಾಂಟ್ಜ್ ಫ್ಯಾನನ್ ನೆನಪಾದರು.

ಫ್ಯಾನನ್ ಮನೋವೈದ್ಯರು. ಹುಟ್ಟಿದ್ದು 1925ರಲ್ಲಿ, ಫ್ರಾನ್ಸಿನ ವಸಾಹತಾಗಿದ್ದ ಮಾರ್ಟಿನೀಕ್ ದ್ವೀಪದಲ್ಲಿ. ಫ್ರಾನ್ಸ್ ಪರವಾಗಿ ಮಹಾಯುದ್ಧದಲ್ಲಿ ಹೋರಾಡಿ, ಲಿಯೋನ್ ನಗರದಲ್ಲಿ ವೈದ್ಯಕೀಯ ಓದಿದರು. 1952ರಲ್ಲಿ ಅವರ ಮೊದಲ ಪುಸ್ತಕ ಬಂತು. ಕಪ್ಪು ಚರ್ಮ, ಬಿಳಿ ಮುಖವಾಡಗಳು ಅಂತ ಅದರ ಹೆಸರಿನ ಅರ್ಥ. ರೈಲಿನಲ್ಲಿ ಒಂದು ಬಿಳಿ ಮಗು ಇವರನ್ನು ನೋಡಿ ಹೆದರಿ ಅಮ್ಮನಿಗೆ ತೋರಿಸುವ ಪ್ರಸಂಗ ಅದರಲ್ಲಿದೆ. ಅಲ್ಲಿಯವರೆಗೆ ತಾನು ಒಬ್ಬ ಮನುಷ್ಯ ಅಂದುಕೊಂಡಿದ್ದವರು, ಆ ಕ್ಷಣಕ್ಕೆ ಬರೀ ಬಣ್ಣ ಆಗಿಬಿಡ್ತಾರೆ. ಕೀಳರಿಮೆ ಒಳಗಿಂದ ಹುಟ್ಟಿದ ರೋಗವಲ್ಲ, ಸಮಾಜ ಅದನ್ನು ಚರ್ಮದ ಮೇಲೆ ಬರೀತದೆ ಅನ್ನೋದು ಅವರ ವಾದ. ಹಾಗಾಗಿ ರೋಗಿಯನ್ನಷ್ಟೇ ಸರಿಮಾಡಿದರೆ ಸಾಲದು.

ಇದನ್ನು ಅವರು ಮುಂದೆ ವಾರ್ಡಿನಲ್ಲೂ ಕಂಡರು. 1953ರಿಂದ ಅಲ್ಜೀರಿಯಾದ ಬ್ಲಿಡಾ ಆಸ್ಪತ್ರೆಯಲ್ಲಿ ಕೆಲಸ. ಯುರೋಪಿನ ಹೆಂಗಸರ ವಾರ್ಡಿನಲ್ಲಿ ನಾಟಕ, ಹಾಡು, ಪತ್ರಿಕೆಯಿಂದ ರೋಗಿಗಳು ಚೇತರಿಸಿಕೊಂಡರು. ಅದೇ ಪ್ರಯೋಗ ಮುಸ್ಲಿಂ ಗಂಡಸರ ವಾರ್ಡಿನಲ್ಲಿ ಫೇಲ್! ತಪ್ಪು ರೋಗಿಗಳದ್ದಲ್ಲ, ಹೊರಗಿನವರ ಪದ್ಧತಿಯನ್ನು ಹೇರಿದ ತಮ್ಮದು ಅಂತ ಒಪ್ಪಿಕೊಂಡು, ಅವರಿಗೆ ಪರಿಚಿತವಾದ ಕಾಫಿ ಅಂಗಡಿ ಮಾಡಿಸಿದರು, ಕಥೆ ಹೇಳುವವರನ್ನು ಕರೆಸಿದರು. ಇಂಥ ಡಾಕ್ಟರು ಬದುಕಿದ್ದು 36 ವರ್ಷ ಮಾತ್ರ.

ನಮಗೆ ನಾಟುವುದು ಭಾಷೆಯ ಅಧ್ಯಾಯ. ಫ್ರಾನ್ಸಿಗೆ ಹೊರಟ ಮಾರ್ಟಿನೀಕ್ ಹುಡುಗ ತನ್ನ ರಕಾರ ನುಂಗಿಹೋಗಬಾರದು ಅಂತ ರೂಮಿನಲ್ಲಿ ಕೂತು ಉಚ್ಚಾರಣೆ ತಿದ್ದಿಕೊಳ್ತಾನೆ. ಕ್ಲೈಂಟ್ ಕಾಲ್‌ಗೆ ಮೊದಲು ನಾನೂ ಬಾತ್‌ರೂಮಿನಲ್ಲಿ ಅದನ್ನೇ ಮಾಡಿದ್ದೀನಿ, ಸುಳ್ಳು ಹೇಳೋದಿಲ್ಲ. ಆದ್ರೆ ನನ್ನ ಮುಖವಾಡ ಕಾಲ್ ಮುಗಿದ ಮೇಲೆ ಕಳಚಿ ಇಡಬಹುದು. ಆ ಹುಡುಗನ ಚರ್ಮ ಹಾಗಲ್ಲ. ಸಿದ್ದಿಗಳ ಪೂರ್ವಜರು ಆಫ್ರಿಕಾದವರು, ಬಹಳಷ್ಟು ಜನರನ್ನು ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ತರಲಾಯಿತು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ.

ಇನ್ನೊಂದು ವಿಷಯ. ಇದೇ ಪುಣೆಯ ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದಾಗ, ಕರಿಯರ ಗುಲಾಮಗಿರಿ ವಿರುದ್ಧ ನಿಂತ ಅಮೆರಿಕದ ಜನರಿಗೆ ಅದನ್ನು ಅರ್ಪಿಸಿದರು. ಜಾತಿಯೂ ವರ್ಣಭೇದವೂ ಒಂದೇ ಅಂತ ನಾನು ಹೇಳ್ತಿಲ್ಲ. ಆದರೆ ಒಂದರ ನೋವು ಇನ್ನೊಂದನ್ನು ಗುರುತಿಸಬಲ್ಲದು ಅಂತ ಗಂಜ್ ಪೇಠದ ಆ ಮನುಷ್ಯನಿಗೆ ಆಗಲೇ ಗೊತ್ತಿತ್ತು.

ನಾನು ಗೇಟಿನಲ್ಲಿ ಮಾಡಿದ್ದು ಏನು? ಪಾಸ್‌ಪೋರ್ಟ್ ಕೇಳಿದ್ದು ತಪ್ಪು ಅನ್ನಲಿಲ್ಲ, ಕೇಳಬೇಕಾದವನು ಇವನಲ್ಲ ಅಂದೆ, ಅಷ್ಟೇ.

ಒಂದನೇ ತಾರೀಖಿಗೆ ಹುಡುಗ ರೂಮಿಗೆ ಬಂದ. ಹಾಲು ತರಲು ಹೋದರೂ ಆಧಾರ್ ಕಾರ್ಡ್ ಜೇಬಿನಲ್ಲಿ ಇಟ್ಟುಕೊಂಡೇ ಹೋಗ್ತಾನೆ. ನನ್ನ ಕಾರ್ಡ್ ಬೀರುವಿನಲ್ಲಿದೆ. ಇಲ್ಲಿ ನಾಲ್ಕು ವರ್ಷದಲ್ಲಿ ಯಾರೂ ಅದನ್ನು ಕೇಳಿಲ್ಲ.